ಎಚ್‌ಬಿಎ1ಸಿ ಏರಿದರೆ ಮೊದಲು ಬೈಯಬೇಡಿ, ಕಾರಣ ಹುಡುಕಿ

ಶುಗರ್ ಇರುವ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ಲ್ಯಾಬಿನಿಂದ ಎಚ್‌ಬಿಎ1ಸಿ ರಿಪೋರ್ಟ್ ಬರುತ್ತದೆ. ಕಳೆದ ಸಲ 7.1 ಇದ್ದದ್ದು ಈ ಸಲ 8.3. “ಉಮ್ಮಾ, ನೀವು ನಮಗೆ ಕಾಣದ ಹಾಗೆ ಸಿಹಿ ತಿಂದಿದ್ದೀರಿ” ಎಂದು ಮಗ ಹೇಳುತ್ತಾನೆ. ಸಕ್ಕರೆ ಡಬ್ಬಿ ಕೈಗೆ ಸಿಗದ ಜಾಗಕ್ಕೆ ಹೋಗುತ್ತದೆ. “ತಿಂದಿಲ್ಲ ಮಗಾ” ಎಂದರೆ ನಂಬುವವರಿಲ್ಲ. ಕೆಲವರು ಡಾಕ್ಟರನ್ನೂ ಕೇಳದೆ ಒಂದು ಗುಳಿಗೆ ಹೆಚ್ಚು ಕೊಟ್ಟುಬಿಡುತ್ತಾರೆ.

ವ್ಯಾಪಾರ, ಹೋಟೆಲ್, ಮಸೀದಿ-ಮದ್ರಸದ ಕೆಲಸ ಎಂದು ಕರಾವಳಿಯಿಂದ ಈ ಕಡೆಗೆ ಬಂದ ನಮ್ಮವರ ಮನೆಗಳಲ್ಲೂ ಇದೇ ಕಥೆ, ನವಲಗುಂದದವರ ಮನೆಗಳಲ್ಲೂ ಇದೇ. “ಉಸ್ತಾದ್‌ರೀ, ರೊಟ್ಟಿ-ಪಲ್ಲೆ ಬಿಟ್ಟು ಏನೂ ತಿಂದಿಲ್ಲ, ಆದ್ರೂ ಶುಗರ್ ಏರೇತ್ರಿ” ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಅವರ ಮಾತು ನಿಜವಿರಬಹುದು. ಆ ಅಂಕಿ ಏರುವುದಕ್ಕೂ ಇಳಿಯುವುದಕ್ಕೂ ಬಾಯಿಚಪಲ ಬಿಟ್ಟು ಬೇರೆ ಕಾರಣಗಳು ಬಹಳ ಇವೆ. ವಿಚಾರಿಸದೆ ಅನುಮಾನ ಪಡಬೇಡಿ ಎಂದು ಅಲ್ ಹುಜುರಾತ್ ಅಧ್ಯಾಯ ನಮಗೆ ಕಲಿಸುತ್ತದೆ. ಮನೆಯ ರೋಗಿಗೂ ಆ ಪಾಠ ಅನ್ವಯಿಸುತ್ತದೆ.

ಅಂಕಿ ಏನನ್ನು ಅಳೆಯುತ್ತದೆ?

ರಕ್ತದ ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಇರುತ್ತದೆ. ರಕ್ತದಲ್ಲಿ ಓಡಾಡುವ ಸಕ್ಕರೆ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಅಂಟಿಕೊಳ್ಳುತ್ತದೆ. ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂಬುದೇ ಎಚ್‌ಬಿಎ1ಸಿ. ಶುಗರ್ ಇರುವವರಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುತ್ತದೆ ಎಂದು 1968ರಲ್ಲಿ ತೋರಿಸಿಕೊಟ್ಟವರು ಇರಾನಿನ ಟೆಹ್ರಾನ್ ವಿಶ್ವವಿದ್ಯಾಲಯದ ಸಂಶೋಧಕ ಸ್ಯಾಮ್ಯುಯೆಲ್ ರಹ್‌ಬರ್.

ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಈ ಪರೀಕ್ಷೆ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದರಲ್ಲೂ ಕೊನೆಯ ಒಂದು ತಿಂಗಳಿನ ಪಾಲು ಸುಮಾರು ಅರ್ಧದಷ್ಟು. ಎಚ್‌ಬಿಎ1ಸಿ 7 ಎಂದರೆ ಸರಾಸರಿ ಶುಗರ್ ಸುಮಾರು 154, 8 ಎಂದರೆ 183, 9 ಎಂದರೆ 212. ಹೆಚ್ಚಿನವರಿಗೆ ಡಾಕ್ಟರು 7ರ ಒಳಗೆ ಇರಲಿ ಎನ್ನುತ್ತಾರೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಸ್ವಲ್ಪ ಸಡಿಲಿಕೆ ಕೊಡುತ್ತಾರೆ.

ಒಂದು ಮಾತು ನೆನಪಿರಲಿ. 7.1 ಇದ್ದದ್ದು 7.3 ಆದರೆ ಗಾಬರಿ ಬೇಡ. ಅಷ್ಟು ವ್ಯತ್ಯಾಸ ಲ್ಯಾಬ್ ಬದಲಾದರೂ ಬರುತ್ತದೆ. ಮೊದಲ ಸಲ ಮಂಗಳೂರಿನಲ್ಲಿ, ಮುಂದಿನ ಸಲ ಹುಬ್ಬಳ್ಳಿಯಲ್ಲಿ ಮಾಡಿಸಿ ಹೋಲಿಸುವುದಕ್ಕಿಂತ ಒಂದೇ ಲ್ಯಾಬ್ ಹಿಡಿದುಕೊಳ್ಳುವುದು ಒಳ್ಳೆಯದು. ಅರ್ಧ ಅಂಶಕ್ಕಿಂತ ಹೆಚ್ಚು ಬದಲಾದರೆ ಕಾರಣ ಹುಡುಕಬೇಕು.

ಸಕ್ಕರೆ ಏರದೆ ಅಂಕಿ ಏರುವುದು

ಹೊಸ ರಕ್ತ ಉತ್ಪತ್ತಿ ನಿಧಾನವಾದರೆ ಹಳೆಯ ಕಣಗಳೇ ಹೆಚ್ಚು ದಿನ ಉಳಿಯುತ್ತವೆ. ಉಳಿದಷ್ಟು ದಿನ ಅವಕ್ಕೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಕಬ್ಬಿಣಾಂಶದ ಕೊರತೆ ಇರುವವರಲ್ಲಿ ಹೀಗೆ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ಕಾಣಬಹುದು. ಬಿ12 ವಿಟಮಿನ್ ಕೊರತೆಯಲ್ಲೂ ಹಾಗೆಯೇ.

ಇದು ಎಲ್ಲೋ ಒಬ್ಬರಿಗೆ ಬರುವ ತೊಂದರೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ನವಲಗುಂದ ಜಮಖಾನಕ್ಕೆ ಹೆಸರಾದ ಊರು. ಅದನ್ನು ನೇಯುವವರು ಇಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು. ಮಗ್ಗದ ಮುಂದೆ ಕೂತವಳಾಗಲಿ, ಅಡುಗೆಮನೆಯಲ್ಲಿ ನಿಂತವಳಾಗಲಿ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಾಳೆ. ಸುಸ್ತು ಎಂದರೆ “ಶುಗರ್‌ನಿಂದ” ಎಂದು ಬಿಡುತ್ತೇವೆ. ರಕ್ತ ಕಡಿಮೆ ಇದೆಯೇ ಎಂದು ನೋಡುವುದಿಲ್ಲ.

ಇನ್ನೊಂದು ವಿಷಯ. ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತಿಂದರೆ ಕೆಲವರಿಗೆ ಬಿ12 ಕಡಿಮೆಯಾಗುತ್ತದೆ. ಹಾಗೆಂದು ಗುಳಿಗೆ ಬಿಡಬಾರದು. ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಅದಕ್ಕೆ ಮದ್ದು ತೆಗೆದುಕೊಂಡರೆ ಸಾಕು.

ಅಂಕಿ ಇಳಿದರೂ ಹುಷಾರು

8.5 ಇದ್ದದ್ದು 6.4 ಆಯಿತು ಎಂದು ಮನೆಯಲ್ಲಿ ಬಿರಿಯಾನಿ ಮಾಡುವ ಮೊದಲು ಸ್ವಲ್ಪ ಯೋಚಿಸಿ. ಕೆಂಪು ಕಣಗಳು ಬೇಗ ಕಳೆದುಹೋಗಿ ಹೊಸವು ಬಂದರೆ, ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ಅಪಘಾತದಲ್ಲಿ, ಮೂಲವ್ಯಾಧಿಯಲ್ಲಿ, ಹೆಚ್ಚು ಮುಟ್ಟಿನಲ್ಲಿ ರಕ್ತ ಹೋಗಿರಬಹುದು. ಆಪರೇಷನ್ ಸಮಯದಲ್ಲಿ ಬೇರೆಯವರ ರಕ್ತ ಏರಿಸಿರಬಹುದು. ಕಿಡ್ನಿ ತೊಂದರೆಗೆ ಡಯಾಲಿಸಿಸ್ ಮತ್ತು ರಕ್ತ ಹೆಚ್ಚಿಸುವ ಇಂಜೆಕ್ಷನ್ ನಡೆಯುತ್ತಿರಬಹುದು. ಗರ್ಭಿಣಿಯರಲ್ಲಿಯೂ ಅಂಕಿ ಕಡಿಮೆ ಕಾಣುತ್ತದೆ. ನಮ್ಮ ಯುವಕರು ರಕ್ತದಾನದಲ್ಲಿ ಮುಂದು, ಅಲ್‌ಹಮ್ದುಲಿಲ್ಲಾಹ್. ಆದರೆ ರಕ್ತ ಕೊಟ್ಟು ಕೆಲವೇ ವಾರಗಳಲ್ಲಿ ಎಚ್‌ಬಿಎ1ಸಿ ಮಾಡಿಸಿದರೆ ಅದೂ ಕಡಿಮೆ ಬರಬಹುದು ಎಂದು ಡಾಕ್ಟರಿಗೆ ತಿಳಿಸಿ. ಕಬ್ಬಿಣಾಂಶದ ಗುಳಿಗೆ ಶುರು ಮಾಡಿದ ಮೇಲೂ ಅಂಕಿ ಇಳಿಯುತ್ತದೆ. ತಲಸ್ಸೇಮಿಯಾ, ಸಿಕಲ್ ಸೆಲ್ ಇರುವವರಲ್ಲಂತೂ ಈ ಅಂಕಿಯನ್ನೇ ನಂಬಿ ಕೂರುವ ಹಾಗಿಲ್ಲ.

ಇನ್ನೊಂದು ಅಪಾಯ ಪದೇಪದೇ ಲೋ ಶುಗರ್ ಆಗುವುದು. ಹಗಲಲ್ಲಿ 250, ರಾತ್ರಿ 55 ಇದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಬೆವರುವುದು, ಕೈ ನಡುಗುವುದು, ಬೆಳಗ್ಗೆ ತಲೆ ಭಾರ ಇದ್ದರೆ ಅದನ್ನು ಹೇಳಿಕೊಳ್ಳಿ.

ನಿಜವಾಗಿಯೇ ಸಕ್ಕರೆ ಏರಿದ್ದರೆ

ಆಗಲೂ ಕಾರಣ ಒಂದೇ ಇರುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 110 ಇದ್ದು, ಊಟವಾಗಿ ಎರಡು ಗಂಟೆಗೆ 260 ಆಗುವವರಿದ್ದಾರೆ. ಜೋಳದ ರೊಟ್ಟಿ ಶುಗರ್‌ಗೆ ಒಳ್ಳೆಯದು ಎಂದು ನಾಲ್ಕು ತಿಂದರೆ, ಅಕ್ಕಿರೊಟ್ಟಿ, ಪತ್ತಿರಿಯಷ್ಟೇ ಅದೂ ಲೆಕ್ಕಕ್ಕೆ ಬರುತ್ತದೆ. ರೊಟ್ಟಿ ಯಾವುದೇ ಇರಲಿ, ಎಷ್ಟು ಎಂಬುದು ಮುಖ್ಯ.

ಮಂಡಿನೋವಿಗೆ, ದಮ್ಮಿಗೆ ಕೊಡುವ ಸ್ಟೀರಾಯ್ಡ್ ಶುಗರನ್ನು ಜೋರಾಗಿ ಏರಿಸುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ನೋವಿನ ಪುಡಿಗಳಲ್ಲೂ ಅದು ಇರಬಹುದು. ಹಲ್ಲಿನ ವಸಡಿನ ಸೋಂಕು, ಮೂತ್ರದ ಸೋಂಕು, ಟಿಬಿ ಕೂಡ ಕಾರಣವಾಗುತ್ತದೆ. ಶುಗರ್ ಏರುವುದರ ಜೊತೆ ತೂಕ ಸುಮ್ಮನೆ ಇಳಿಯುತ್ತಿದ್ದರೆ ತಡಮಾಡಬೇಡಿ.

ಇನ್ಸುಲಿನ್ ಹಾಕುವವರು ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟಿ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಜಾಗ ಬದಲಿಸುತ್ತಿರಬೇಕು. ಈ ಭಾಗದ ಏಪ್ರಿಲ್-ಮೇ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಣ್ಣನೆಯ ಮಣ್ಣಿನ ಮಡಕೆಯಲ್ಲಿ ನೀರು ತಾಗದಂತೆ ಇಡಿ. ಫ್ರೀಜರ್‌ನಲ್ಲಿ ಇಡಬಾರದು. ಊರಿಗೆ ಹೋಗುವಾಗ ಕಾರಿನ ಮುಂದೆ ಬಿಸಿಲಿಗೆ ಬಿಡಬಾರದು.

ಇದು ಯಾವುದೂ ಇಲ್ಲದೆಯೂ ಶುಗರ್ ಏರಬಹುದು. ವರ್ಷ ಕಳೆದಂತೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಕಡಿಮೆಯಾಗುತ್ತದೆ. ಆಗ ಮದ್ದು ಹೆಚ್ಚಿಸಬೇಕಾಗುತ್ತದೆ. ಅದು ರೋಗದ ಸ್ವಭಾವ, ರೋಗಿಯ ತಪ್ಪಲ್ಲ.

ನೋಂಬಿನ ಲೆಕ್ಕ

ಪೆರ್ನಾಲ್ ಮುಗಿದ ಕೂಡಲೇ ಮಾಡಿಸಿದ ಎಚ್‌ಬಿಎ1ಸಿಯಲ್ಲಿ ರಂಝಾನ್ ತಿಂಗಳಿನದೇ ದೊಡ್ಡ ಪಾಲು. ಇಫ್ತಾರಿನ ಸಮೋಸ, ಶರಬತ್ತು, ಹೆಚ್ಚು ಖರ್ಜೂರ, ನಿದ್ದೆಗೆಟ್ಟದ್ದು, ಗುಳಿಗೆಯ ಹೊತ್ತು ತಪ್ಪಿದ್ದು ಎಲ್ಲವೂ ಅದರಲ್ಲಿ ಬರುತ್ತದೆ. ನೋಂಬಿಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು ಮದ್ದಿನ ಸಮಯ ಬದಲಿಸಿಕೊಳ್ಳಬೇಕು. ಬೆರಳಿಗೆ ಚುಚ್ಚಿ ಶುಗರ್ ನೋಡಿದರೆ ನೋಂಬು ಮುರಿಯುವುದಿಲ್ಲ. 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಬಂದರೆ ನೋಂಬು ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ರೋಗಿಗೆ ಅಲ್ಲಾಹನು ಅಲ್ ಬಖರ ಅಧ್ಯಾಯದಲ್ಲೇ ರಿಯಾಯಿತಿ ಕೊಟ್ಟಿದ್ದಾನೆ. ಆ ರಿಯಾಯಿತಿ ತೆಗೆದುಕೊಂಡವರನ್ನು ಕೀಳಾಗಿ ನೋಡಬಾರದು.

ಡಾಕ್ಟರ ಹತ್ತಿರ ಹೋಗುವಾಗ

ಹಳೆಯ ರಿಪೋರ್ಟುಗಳೆಲ್ಲ ಒಂದು ಫೈಲಿನಲ್ಲಿರಲಿ. ಎರಡು ವಾರ ಮನೆಯ ಮೀಟರಿನಲ್ಲಿ ಖಾಲಿ ಹೊಟ್ಟೆಯದು, ಊಟದ ಎರಡು ಗಂಟೆ ನಂತರದ್ದು ಬರೆದಿಡಿ. ಎಚ್‌ಬಿಎ1ಸಿ 8.3 ಎಂದರೆ ಸರಾಸರಿ ಸುಮಾರು 190 ಇರಬೇಕು. ಹೊತ್ತು ಹೊತ್ತಿಗೆ ನೋಡಿದರೂ ನಿಮ್ಮ ಮೀಟರ್ 140ರ ಆಸುಪಾಸಿನಲ್ಲೇ ಇದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಅದನ್ನು ತೋರಿಸಿ, “ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ಕಿಡ್ನಿ ಪರೀಕ್ಷೆ ಬೇಕಾ?” ಎಂದು ಕೇಳಿ. ಎಚ್‌ಬಿಎ1ಸಿ ನಂಬಲಾಗದವರಿಗೆ ಎರಡು-ಮೂರು ವಾರದ ಶುಗರ್ ತಿಳಿಸುವ ಫ್ರಕ್ಟೊಸಮೀನ್ ಎಂಬ ಬೇರೆ ಪರೀಕ್ಷೆಯೂ ಇದೆ. ಯಾವ ಮದ್ದನ್ನೂ ನಿಮ್ಮಷ್ಟಕ್ಕೆ ಹೆಚ್ಚು-ಕಡಿಮೆ ಮಾಡಬೇಡಿ. ಏರಿದ ಅಂಕಿ ಸುಳ್ಳಾಗಿದ್ದು ಮದ್ದು ಹೆಚ್ಚಿಸಿದರೆ ರಾತ್ರಿ ಲೋ ಆಗಿ ಪ್ರಾಣಕ್ಕೇ ಬರಬಹುದು.

ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ಶುಗರ್-ಬಿಪಿ ತಪಾಸಣೆ ಶಿಬಿರ ಮಾಡುತ್ತವೆ. ಬಹಳ ಒಳ್ಳೆಯ ಕೆಲಸ. ಮುಂದಿನ ಶಿಬಿರದಲ್ಲಿ ಹಿಮೋಗ್ಲೋಬಿನ್ ತಪಾಸಣೆಯನ್ನೂ ಸೇರಿಸಲಿ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬರುವಂತೆ ಅವರಿಗೆ ಬೇರೆ ಸಮಯ ಇಡಲಿ. ರಕ್ತ ಕಡಿಮೆ ಇರುವುದು ಅಲ್ಲೇ ಗೊತ್ತಾದರೆ ಎಷ್ಟೋ ಉಮ್ಮಂದಿರ ಮೇಲಿನ ಸಂಶಯ ದೂರವಾಗುತ್ತದೆ, ಬೇಕಾದ ಮದ್ದೂ ಸಿಗುತ್ತದೆ, ಇನ್‌ಶಾ ಅಲ್ಲಾಹ್.