ಮಗಳು ಗೇಮ್ ಕಂಪನಿ ಸೇರ್ತೀನಿ ಅಂದ್ರೆ...

ಪಿಯುಸಿ ಮುಗಿಸಿದ ಮಗಳು ‘ಅಮ್ಮಾ, ವಿಡಿಯೊ ಗೇಮ್‌ಗೆ ಚಿತ್ರ ಮಾಡೋದು ಕಲೀತೀನಿ’ ಅಂದ್ರೆ ಗಾಬರಿಯಾಗಬೇಡಿ. ಆಡುವವರಿಗೆ ಅದು ಆಟ, ಮಾಡುವವರಿಗೆ ಉದ್ಯೋಗ!

ಗೌರಿಬಿದನೂರು ತಾಲೂಕಿನ ಅಲೀಪುರ ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಹರಳಿಗೆ ಸಾಣೆ ಹಿಡಿಯುವ ಕೈ ಒಂದು, ಉಂಗುರ ಮಾರುವ ಅಂಗಡಿಯ ಹೆಸರು ಇನ್ನೊಂದು. ಗೇಮ್‌ಗಳದ್ದೂ ಇದೇ ಕಥೆ. ವಿದೇಶಿ ಕಂಪನಿ ಆಟ ರೂಪಿಸುತ್ತದೆ; ಅದರಲ್ಲಿನ ಕಾರು, ಮರ, ಕಟ್ಟಡಗಳನ್ನು ಮಾಡಿಕೊಡುವ ಕೆಲಸ ಹೊರಗುತ್ತಿಗೆಯಲ್ಲಿ ಇಲ್ಲಿಗೆ ಬರುತ್ತದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಬೆಳೆದದ್ದು ಹೀಗೇ. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಕಾರ್ ರೇಸ್ ಆಟಕ್ಕೂ ಅದು ಕೆಲಸ ಮಾಡಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು.

ಇನ್ನೊಂದು ಮುಖವೂ ಇದೆ. ಸಿನಿಮಾ ಗ್ರಾಫಿಕ್ಸ್‌ನಲ್ಲಿ ಇಂಥದೇ ಹೊರಗುತ್ತಿಗೆ ಮಾಡುತ್ತಿದ್ದ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಭಾರತದಲ್ಲಿ ದಿಢೀರನೆ ಬಾಗಿಲು ಹಾಕಿದಾಗ ಸಾವಿರಾರು ಮಂದಿ ಬೀದಿಗೆ ಬಿದ್ದರು. ತಾಯಿ ಕಂಪನಿಗೆ ಶೀತವಾದರೆ ಇಲ್ಲಿ ಸೀನು!

ಹಾಗಾಗಿ ಇವು ನೆನಪಿರಲಿ:

* ಕೋರ್ಸಿಗೆ ಲಕ್ಷಗಟ್ಟಲೆ ಕಟ್ಟುವ ಮೊದಲು, ಉಚಿತವಾಗಿ ಸಿಗುವ ‘ಬ್ಲೆಂಡರ್’ ತಂತ್ರಾಂಶದಲ್ಲಿ ಮನೆಯಲ್ಲೇ ಕೆಲವು ತಿಂಗಳು ಕಲಿಯಲಿ. ಆಸಕ್ತಿ ಎಷ್ಟು ಗಟ್ಟಿ ಅಂತ ನಿಮಗೇ ತಿಳಿಯುತ್ತೆ.

* ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎನ್ನುವ ಸಂಸ್ಥೆಯಲ್ಲಿ ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ.

* ಇಂಟರ್‌ವ್ಯೂನಲ್ಲಿ ಅಂಕಪಟ್ಟಿಗಿಂತ ಮಾಡಿದ ಕೆಲಸ ನೋಡ್ತಾರೆ. ಕಂಪನಿಗೆ ಮಾಡಿದ್ದನ್ನು ಹೊರಗೆ ತೋರಿಸಲು ಕರಾರು ಅಡ್ಡ ಬರಬಹುದು. ಬಿಡುವಿನಲ್ಲಿ ಸ್ವಂತದ್ದೂ ನಾಲ್ಕು ಮಾಡಿಟ್ಟುಕೊಳ್ಳಲಿ.

* ಏನೇ ಆದರೂ ಡಿಗ್ರಿ ಬಿಡಿಸಬೇಡಿ. ಗುತ್ತಿಗೆ ಇವತ್ತು ಇರುತ್ತೆ, ನಾಳೆ ಇರೊಲ್ಲ. ಕಲಿತ ವಿದ್ಯೆ ಕೈಬಿಡೊಲ್ಲ.