ವಿಷರಹಿತ ಪ್ರಸಾಧನ ಸಾಮಗ್ರಿಗಳು: ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಹಣೆಗೆ ಕುಂಕುಮ, ಕಣ್ಣಿಗೆ ಕಾಡಿಗೆ, ಅಂಗೈಗೆ ಮದರಂಗಿ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಪ್ರಸಾಧನಗಳು. ಕ್ರೀಮು, ಲಿಪ್‌ಸ್ಟಿಕ್, ಕೂದಲಿನ ಬಣ್ಣ ಮುಂತಾದುವೂ ಇಂದು ನಿತ್ಯೋಪಯೋಗಿ ವಸ್ತುಗಳ ಸಾಲಿಗೆ ಸೇರಿವೆ. ಇವುಗಳಲ್ಲಿ ಹಲವು ಈಗ ‘ವಿಷರಹಿತ’, ‘ನೈಸರ್ಗಿಕ’ ಎಂಬ ಘೋಷಣೆಗಳೊಡನೆ ಮಾರಾಟವಾಗುತ್ತಿವೆ. ಆದರೆ 2020ರ ಪ್ರಸಾಧನ ಸಾಮಗ್ರಿ ನಿಯಮಗಳಲ್ಲಿ ‘ವಿಷರಹಿತ’ ಎಂಬ ಪದಕ್ಕೆ ಪ್ರತ್ಯೇಕ ವ್ಯಾಖ್ಯೆಯಿಲ್ಲ. ನೈಸರ್ಗಿಕವಾದುದೆಲ್ಲವೂ ನಿರಪಾಯಕರವೆಂದು ಭಾವಿಸುವುದೂ ಸರಿಯಲ್ಲ. ಸೀಸ ಮತ್ತು ಪಾದರಸಗಳು ಸಹ ಭೂಗರ್ಭದಲ್ಲಿ ದೊರೆಯುವ ನೈಸರ್ಗಿಕ ವಸ್ತುಗಳೇ ಆಗಿವೆ. ಆದುದರಿಂದ ಡಬ್ಬಿಯ ಮುಂಭಾಗದ ಘೋಷಣೆಗಿಂತ ಹಿಂಭಾಗದ ವಿವರಗಳೇ ಗ್ರಾಹಕರಿಗೆ ಮುಖ್ಯವಾಗಬೇಕು.

ಅಪಾಯವಿರುವುದೆಲ್ಲಿ?

ಪಾದರಸವು ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಎಂಬ ವಸ್ತುವಿನ ಉತ್ಪತ್ತಿಯನ್ನು ತಡೆಯುತ್ತದೆ. ಈ ಕಾರಣದಿಂದ ಮೈಬಣ್ಣವನ್ನು ಬೇಗನೆ ತಿಳಿಗೊಳಿಸುವ ಕೆಲವು ಕ್ರೀಮುಗಳಲ್ಲಿ ಅದನ್ನು ಅಕ್ರಮವಾಗಿ ಬೆರೆಸಲಾಗುತ್ತದೆ. ಚರ್ಮದ ಮೂಲಕ ದೇಹವನ್ನು ಸೇರುವ ಪಾದರಸವು ಮೂತ್ರಪಿಂಡಗಳಿಗೆ ಹಾನಿಯುಂಟುಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡುಬಂದ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ವೈದ್ಯರು ಅಧ್ಯಯನ ಮಾಡಿದರು. ಅವುಗಳ ಪೈಕಿ 15 ರೋಗಿಗಳಲ್ಲಿ ಒಂದು ವಿಶಿಷ್ಟ ಲಕ್ಷಣ ಕಂಡುಬಂದಿತು. ಆ 15 ಮಂದಿಯಲ್ಲಿ 13 ಮಂದಿ ಮೈಬಣ್ಣ ತಿಳಿಗೊಳಿಸುವ ಕ್ರೀಮುಗಳನ್ನು ಬಳಸಿದ್ದರು.

ಅರಿಶಿನಕ್ಕೆ ಸುಣ್ಣ ಸೇರಿದಾಗ ಬರುವ ಕೆಂಪು ಬಣ್ಣವೇ ಸಾಂಪ್ರದಾಯಿಕ ಕುಂಕುಮದ ಬಣ್ಣ. ಆದರೆ ಕೆಲವು ಅಗ್ಗದ ಸಿಂಧೂರಗಳಲ್ಲಿ ಸೀಸದ ಆಕ್ಸೈಡ್ ಅಥವಾ ಪಾದರಸ ಮತ್ತು ಗಂಧಕಗಳ ಸಂಯುಕ್ತವಾದ ಇಂಗಳೀಕವನ್ನು ಬಣ್ಣಕ್ಕಾಗಿ ಬಳಸಿರುವ ಸಂಭವವುಂಟು. ಕೆಲವು ಕಾಡಿಗೆ ಹಾಗೂ ಸುರ್ಮಾಗಳಲ್ಲಿಯೂ ಸೀಸವು ಪತ್ತೆಯಾಗಿದೆ. ಶಿಶುಗಳು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಸೀಸವು ಸುಲಭವಾಗಿ ದೇಹವನ್ನು ಸೇರಿ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ನಿರಪಾಯಕರವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟಪಡಿಸಿದೆ. ಹಸುಗೂಸುಗಳ ಕಣ್ಣಿಗೆ ಕಾಡಿಗೆ ಹಚ್ಚದಿರುವುದೇ ಲೇಸು.

ಕಾನೂನಿನ ರಕ್ಷಣೆ

1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ ಹಾಗೂ 2020ರ ನಿಯಮಗಳು ಈ ವಸ್ತುಗಳ ತಯಾರಿಕೆ, ಆಮದು ಮತ್ತು ಮಾರಾಟಗಳನ್ನು ನಿಯಂತ್ರಿಸುತ್ತವೆ. ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಬಳಸುವುದನ್ನೂ ಪಾದರಸದ ಸಂಯುಕ್ತಗಳನ್ನು ಸೇರಿಸುವುದನ್ನೂ ಈ ನಿಯಮಗಳು ನಿಷೇಧಿಸಿವೆ. ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆಗಳಿಗೂ ಅವಕಾಶವಿಲ್ಲ. ಪಾದರಸವನ್ನು ಸೇರಿಸಿದ ಎಲ್ಲ ಪ್ರಸಾಧನಗಳನ್ನು 2025ರೊಳಗೆ ಕೈಬಿಡಬೇಕೆಂದು ಮಿನಮಾತಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿದವು. ಭಾರತವು 2018ರಲ್ಲಿಯೇ ಈ ಒಪ್ಪಂದವನ್ನು ಅನುಮೋದಿಸಿದೆ.

ಕೊಳ್ಳುವ ಮುನ್ನ

ಡಬ್ಬಿ ಅಥವಾ ಅದರ ಹೊರಕವಚದ ಮೇಲೆ ಈ ಕೆಳಗಿನ ವಿವರಗಳಿವೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು:

1. ತಯಾರಕರ ಹೆಸರು ಮತ್ತು ವಿಳಾಸ
2. ತಯಾರಿಕಾ ಲೈಸೆನ್ಸ್ ಸಂಖ್ಯೆ ಮತ್ತು ಬ್ಯಾಚ್ ಸಂಖ್ಯೆ
3. ಬಳಕೆಯ ಅವಧಿ ಮುಗಿಯುವ ದಿನಾಂಕ
4. ಘಟಕಾಂಶಗಳ ಪಟ್ಟಿ
5. ಆಮದಾದ ವಸ್ತುವಾಗಿದ್ದಲ್ಲಿ ನೋಂದಣಿ ಪ್ರಮಾಣಪತ್ರದ ಸಂಖ್ಯೆ, ಆಮದುದಾರರ ಹೆಸರು ಮತ್ತು ವಿಳಾಸ

ಈ ವಿವರಗಳಿಲ್ಲದ ಕ್ರೀಮು ಎಷ್ಟೇ ಅಗ್ಗವಾಗಿರಲಿ, ಪರಿಚಿತರೇ ತಂದುಕೊಟ್ಟಿರಲಿ, ಅದನ್ನು ಬಳಸಬಾರದು. ಕೂದಲಿನ ಬಣ್ಣಗಳ ಮೇಲಿನ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಮುದ್ರಿಸಬೇಕೆಂಬ ನಿಯಮವಿದೆ. ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅಲ್ಲಿನ ಲಿಪಿಯನ್ನು ಓದಲು ಬಾರದ ಹಿರಿಯರಿದ್ದಲ್ಲಿ, ಮಕ್ಕಳು ಅದನ್ನು ಓದಿ ತಿಳಿಸುವುದು ಅಗತ್ಯ.

ಬಳಸಿ ನೋಡುವ ಕ್ರಮ

ಒಂದು ಬಾರಿಗೆ ಒಂದೇ ಹೊಸ ವಸ್ತುವನ್ನು ಆರಂಭಿಸಬೇಕು. ಕ್ರೀಮನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪವೇ ಸ್ಥಳಕ್ಕೆ ದಿನಕ್ಕೆರಡು ಬಾರಿಯಂತೆ ಏಳರಿಂದ ಹತ್ತು ದಿನ ಹಚ್ಚಿ, ತುರಿಕೆ, ಉರಿ, ಗುಳ್ಳೆಗಳು ಕಾಣಿಸಿಕೊಳ್ಳದಿದ್ದಲ್ಲಿ ಮಾತ್ರ ಮುಖಕ್ಕೆ ಬಳಸಬಹುದು. ಕೂದಲಿನ ಬಣ್ಣವನ್ನು ಪೊಟ್ಟಣದಲ್ಲಿರುವ ಸೂಚನೆಗಳಂತೆ ಪ್ರತಿ ಬಾರಿಯೂ ಮೊದಲು ಪರೀಕ್ಷಿಸಿ ನೋಡಬೇಕು. ಅದನ್ನು ಹುಬ್ಬು, ರೆಪ್ಪೆಗಳಿಗೆ ಎಂದಿಗೂ ಹಚ್ಚಕೂಡದು. ಶುದ್ಧ ಮದರಂಗಿಯ ಬಣ್ಣ ಕೆಂಗಂದು; ‘ಕಪ್ಪು ಮದರಂಗಿ’ಯಲ್ಲಿ ಕೂದಲಿನ ಬಣ್ಣದ ರಾಸಾಯನಿಕವನ್ನು ಬೆರೆಸಿರುವ ಸಂಭವವಿರುವುದರಿಂದ ಅದನ್ನು ವರ್ಜಿಸಬೇಕು.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಈ ಪರೀಕ್ಷೆಯಿಂದ ಅಲರ್ಜಿ ಮಾತ್ರ ತಿಳಿಯುತ್ತದೆಯೇ ಹೊರತು ಸೀಸವಾಗಲಿ ಪಾದರಸವಾಗಲಿ ತಿಳಿಯುವುದಿಲ್ಲ. ಅವು ಚರ್ಮದ ಮೇಲೆ ಯಾವ ಕುರುಹನ್ನೂ ತೋರದೆ ಒಳಗೇ ಸಂಚಯವಾಗಬಲ್ಲವು. ಸಂಶಯಾಸ್ಪದ ಕ್ರೀಮನ್ನು ಬಳಸುತ್ತಿದ್ದವರಿಗೆ ಕಾಲು ಅಥವಾ ಮುಖದಲ್ಲಿ ಊತ, ಮೂತ್ರದಲ್ಲಿ ಅತಿಯಾದ ನೊರೆ ಕಂಡುಬಂದಲ್ಲಿ ಅದರ ಬಳಕೆಯನ್ನು ಕೂಡಲೇ ನಿಲ್ಲಿಸಿ, ಡಬ್ಬಿಯೊಡನೆ ವೈದ್ಯರನ್ನು ಕಾಣಬೇಕು.

ದೂರು ಸಲ್ಲಿಸುವುದು

ಮಹಾರಾಷ್ಟ್ರದಲ್ಲಿ ಆಹಾರ ಮತ್ತು ಔಷಧ ಆಡಳಿತಕ್ಕೂ, ತಮಿಳುನಾಡು, ತೆಲಂಗಾಣ, ದೆಹಲಿಗಳಲ್ಲಿ ಔಷಧ ನಿಯಂತ್ರಣ ಇಲಾಖೆಗೂ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. ತಾವು ಕೊಂಡ ವಸ್ತುವನ್ನು ನಿಗದಿತ ಶುಲ್ಕ ತೆತ್ತು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕನ್ನು ಅಧಿನಿಯಮದ 26ನೆಯ ಪ್ರಕರಣವು ಪ್ರತಿಯೊಬ್ಬರಿಗೂ ನೀಡಿದೆ. ದೂರು ನೀಡುವವರೆಗೆ ಡಬ್ಬಿಯನ್ನೂ ರಸೀದಿಯನ್ನೂ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.