ತುಕ್ಕಿನ ಔಷಧಿ ಕೊಳೆಗೆ ಏಕೆ ನಾಟುವುದಿಲ್ಲ?

ಕಾಫಿಯ ಎಲೆತುಕ್ಕಿಗೆಂದು ತಂದ ಹೆಕ್ಸಾಕೊನಜೋಲ್ ಮನೆಯಲ್ಲಿ ಉಳಿದಿದೆ, ಅದನ್ನೇ ಅಡಿಕೆಯ ಕೊಳೆಗೂ ಹೊಡೆಯಬಹುದೇ ಎಂದು ಮಳೆಗಾಲಕ್ಕೆ ಮುಂಚೆ ಸದಸ್ಯರು ಕೇಳುವುದುಂಟು. ಬೇಡವೆಂದೇ ಹೇಳುತ್ತೇವೆ. ಬರೀ ಬೇಡವೆಂದರೆ ಸಾಲದು, ಕಾರಣವನ್ನೂ ತಿಳಿಸಬೇಕು. ಅದು ಜೀವಕೋಶದ ಪೊರೆಯಲ್ಲಿದೆ.

ಪ್ರತಿಯೊಂದು ಜೀವಕೋಶವನ್ನೂ ಜಿಡ್ಡಿನ ಕಣಗಳ ಎರಡು ಪದರದ ತೆಳುಪೊರೆ ಸುತ್ತಿರುತ್ತದೆ. ಈ ಕಣಗಳ ನಡುವೆ ಸ್ಟೆರಾಲ್ ಎಂಬ ಇನ್ನೊಂದು ಬಗೆಯ ಜಿಡ್ಡು ಸೇರಿ ಪೊರೆಗೆ ಬಿಗಿ ಕೊಡುತ್ತದೆ. ತುಕ್ಕಿನ ಶಿಲೀಂಧ್ರ ತನಗೆ ಬೇಕಾದ ಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೆಕ್ಸಾಕೊನಜೋಲ್ ತಡೆಯುವುದು ಆ ತಯಾರಿಕೆಯನ್ನು. ಕೊಳೆ ತರುವ ಫೈಟಾಪ್ಥೊರವಾದರೋ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ. ಸ್ಟೆರಾಲ್ ಮಾಡುವ ವಿದ್ಯೆಯೇ ಅದಕ್ಕಿಲ್ಲ. ಇಲ್ಲದ ಗಿರಣಿಗೆ ಬೀಗ ಜಡಿದು ಫಲವೇನು?

ಆದರೂ ಚೆನ್ನಾಗಿ ಬೀಜಾಣು ಬಿಡಲು ಅದಕ್ಕೆ ಸ್ಟೆರಾಲ್ ಬೇಕು. ಅದನ್ನು ಗಿಡದಿಂದಲೇ ಕದಿಯುತ್ತದೆ. ಎಲಿಸಿಟಿನ್ ಎಂಬ ಸಣ್ಣ ಪ್ರೋಟೀನುಗಳನ್ನು ಅದು ಹೊರಬಿಡುತ್ತದೆ. ಒಂದೊಂದು ಎಲಿಸಿಟಿನ್ನೂ ಗಿಡದ ಪೊರೆಯಿಂದ ಒಂದು ಸ್ಟೆರಾಲ್ ಕಣವನ್ನು ಕಿತ್ತು ಒಡಲಲ್ಲಿಟ್ಟುಕೊಳ್ಳಬಲ್ಲದು.

ಗಿಡವೂ ಸುಮ್ಮನೆ ಕುಳಿತಿರುವುದಿಲ್ಲ. ಅದರ ಪೊರೆಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ನಮ್ಮ ಮಳಿಗೆಗೆ ಬರುವ ಗ್ರಾಹಕರೆಂದು ತಿಳಿಯಬಾರದು. ಇವು ಹೊರಗಿನ ಸುದ್ದಿಯನ್ನು ಹಿಡಿದು ಕೋಶದೊಳಕ್ಕೆ ಮುಟ್ಟಿಸುವಂಥವು. ಫ್ರಾನ್ಸಿನ ವಿಜ್ಞಾನಿಗಳು ತಂಬಾಕಿನ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಲಿಸಿಟಿನ್ ಮೊದಲು ಸ್ಟೆರಾಲನ್ನು ಹೊತ್ತು ಆಮೇಲೆ ಗ್ರಾಹಕಕ್ಕೆ ಅಂಟುವುದೆಂದು ಕಂಡುಬಂತು. ಮಾಲಿನ ಸಮೇತ ಕಳ್ಳನನ್ನು ಹಿಡಿದಂತೆಯೇ ಸರಿ. ಸುದ್ದಿ ಮುಟ್ಟಿದೊಡನೆ ಆ ಜಾಗದ ಕೋಶಗಳು ತಾವೇ ಸತ್ತು ರೋಗ ಮುಂದೆ ಹರಡದಂತೆ ತಡೆಯುತ್ತವೆ.

2015ರಲ್ಲಿ ಕಾಡು ಆಲೂಗೆಡ್ಡೆಯೊಂದರಲ್ಲಿ ಎಲಿಸಿಟಿನ್ನನ್ನು ಗುರುತಿಸುವ ಗ್ರಾಹಕ ಪತ್ತೆಯಾಯಿತು. ಅದನ್ನು ಊರ ಆಲೂಗೆಡ್ಡೆಗೆ ಸೇರಿಸಿದಾಗ ಅಂಗಮಾರಿಗೆ ಗಿಡದ ಪ್ರತಿರೋಧ ಹೆಚ್ಚಿತು. ಆ ರೋಗ ತರುವುದೂ ಒಂದು ಫೈಟಾಪ್ಥೊರವೇ ಆದ್ದರಿಂದ ಅಡಿಕೆಯವರಾದ ನಮಗೆ ಇದು ಹೊರಗಿನ ಸಂಗತಿಯಲ್ಲ.

ಸದ್ಯಕ್ಕೆ ನಮ್ಮ ಕೈಲಿರುವುದು, ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆಯನ್ನು ಅಭ್ಯಸಿಸಿದ ಕಾಲದಿಂದ ನಡೆದುಬಂದ ಬೋರ್ಡೋ ದ್ರಾವಣ. ತಾಮ್ರಕ್ಕೆ ಸ್ಟೆರಾಲಿನ ಗೊಡವೆಯಿಲ್ಲ. ಕಾಯಿಯ ಮೇಲೆ ಬಿದ್ದ ಬೀಜಾಣುವನ್ನು ಅಲ್ಲಿಯೇ ಕೊಲ್ಲುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ, ಗೊನೆ ಪೂರ್ತಿ ನೆನೆಯುವಂತೆ ಹೊಡೆಸಿರಿ.